ಪಾಲಿಶ್ ಡಬ್ಬಿ ತೆರೆಯುವ ಮೊದಲು ಟೇಪ್ ಅಂಟಿಸಿ

ಆಯುಧಪೂಜೆ ಮುಗಿದ ವಾರ ನನ್ನ ಶೆಡ್ಡಿಗೆ ಬರುವ ಕಾರುಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಬಾಡಿ ಫಳಫಳ ಹೊಳೆಯುತ್ತಿರುತ್ತದೆ. ಪಕ್ಕದಲ್ಲೇ ಬಂಪರಿನ ಕಪ್ಪು ಪ್ಲಾಸ್ಟಿಕ್ ಮೇಲೆ ಸುಣ್ಣ ಸವರಿದ ಹಾಗೆ ಬಿಳಿ ಕಲೆ. "ಮೂರು ಸಲ ತೊಳೆದೆ ಸರ್, ಹೋಗ್ತಾನೇ ಇಲ್ಲ" ಅನ್ನುತ್ತಾರೆ. ರಜೆ ದಿನವೆಲ್ಲ ಕೂತು ಪ್ರೀತಿಯಿಂದ ಉಜ್ಜಿದವರ ಬೇಸರ ನೋಡಿದರೆ ನನಗೂ ಸಂಕಟವಾಗುತ್ತದೆ.

ಕಲೆ ಯಾಕೆ ಹೋಗುವುದಿಲ್ಲ? ಬಾಡಿಯ ಬಣ್ಣದ ಮೇಲೆ ನುಣುಪಾದ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇರುತ್ತದೆ. ಬಂಪರಿನ ಕೆಳಭಾಗ, ಚಕ್ರದ ಮೇಲಿನ ಕ್ಲಾಡಿಂಗ್ (ಕಪ್ಪು ಪ್ಲಾಸ್ಟಿಕ್ ಪಟ್ಟಿ), ವೈಪರ್ ಕೆಳಗಿನ ಜಾಲರಿ ಹಾಗಲ್ಲ. ಅವು ಹೆಚ್ಚಾಗಿ ಬಣ್ಣ ಹಚ್ಚದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಕೈಯಾಡಿಸಿ ನೋಡಿ, ತರಿತರಿಯಾಗಿರುತ್ತದೆ. ಪಾಲಿಶ್‌ನಲ್ಲಿ ಅಲ್ಯುಮಿನಿಯಂ ಆಕ್ಸೈಡ್‌ನಂಥ ನುಣ್ಣನೆಯ ಪುಡಿ ಇರುತ್ತದೆ. ಅದು ಆ ತರಿಯ ಸಂದಿಗಿಳಿದು, ಒಣಗಿ, ಬೆಳ್ಳಗೆ ಕೂರುತ್ತದೆ. ಪಾಲಿಶ್ ಆದಮೇಲೆ ಹೊಳಪಿಗೆ ಹಚ್ಚುವ ವ್ಯಾಕ್ಸ್ ಅಂತೂ ನೀರಿಗೆ ಕರಗುವ ವಸ್ತುವೇ ಅಲ್ಲ.

ಹಾಗಾಗಿ ಮೊದಲ ಅರ್ಧ ಗಂಟೆ ಟೇಪಿಗೆ ಕೊಡಿ. ಪಾರ್ಸೆಲ್ ಕಟ್ಟುವ ಕಂದು ಟೇಪ್ ಬೇಡ, ಅದರ ಗೋಂದು ಉಳಿದುಬಿಡುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪ್ ತನ್ನಿ, 1 ಇಂಚು ಅಗಲದ್ದು ಸಾಕು. ಕಾರು ತೊಳೆದು, ಪೂರ್ತಿ ಒರೆಸಿ, ನೆರಳಲ್ಲಿ ನಿಲ್ಲಿಸಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಕಿಟಕಿಯ ರಬ್ಬರ್ ಬೀಡಿಂಗ್, ಬಾಗಿಲ ಹಿಡಿಯ ಸುತ್ತ, ಹಿಂದಿನ ಅಕ್ಷರಗಳು, ಹೆಡ್‌ಲೈಟಿನ ಅಂಚು, ಇವನ್ನೆಲ್ಲ ಮುಚ್ಚಿ. ಟೇಪ್ ಪ್ಲಾಸ್ಟಿಕ್ ಮೇಲೆ ಕೂರಬೇಕು, ಬಣ್ಣದ ಮೇಲಲ್ಲ. ಅಂಚನ್ನು ಉಗುರಿನಿಂದ ಒತ್ತಿ. ಇತ್ತೀಚೆಗೆ ಮರುಪೇಂಟ್ ಮಾಡಿಸಿದ ಕಾರಾದರೆ ಇನ್ನೂ ಹುಷಾರು. ಟೇಪಿನ ಜೊತೆ ಬಣ್ಣವೂ ಕಿತ್ತು ಬಂದದ್ದನ್ನು ನೋಡಿದ್ದೇನೆ. ವೈಪರ್ ಕೆಳಗಿನ ಜಾಲರಿಗೆ ಟೇಪ್ ಅಂಟಿಸುತ್ತಾ ಕೂರಬೇಡಿ, ಹಳೇ ಟವೆಲ್ ಹೊದಿಸಿದರೆ ಆಯಿತು.

ಬಾಗಿಲುಗಳ ನಡುವಿನ ಕಂಬದ ಮೇಲೆ ಕನ್ನಡಿಯಂಥ ಕಪ್ಪು ಪ್ಲಾಸ್ಟಿಕ್ ಇರುತ್ತದಲ್ವಾ, ಅದಕ್ಕೆ ಬೇಗ ಗೀರು ಬೀಳುತ್ತದೆ. ಕೆಲವು ಕಾರುಗಳಲ್ಲಿ ಅಲ್ಲಿರುವುದು ಬರೀ ಕಪ್ಪು ಫಿಲ್ಮ್. ಪಾಲಿಶ್ ಮಷಿನ್ ಅಂಚು ತಾಗಿದರೆ ಎದ್ದು ಬರುತ್ತದೆ. ಅದನ್ನೂ ಮುಚ್ಚಿ.

ಬರೀ ಕೈಯಲ್ಲಿ ವ್ಯಾಕ್ಸ್ ಹಚ್ಚುವವರಿಗೆ ಇನ್ನೊಂದು ದಾರಿ ಇದೆ. ಪ್ಲಾಸ್ಟಿಕ್‌ಗೆ ಮೊದಲೇ ಟ್ರಿಮ್ ಡ್ರೆಸಿಂಗ್, ಅಂದರೆ ಹೊರಗಿನ ಪ್ಲಾಸ್ಟಿಕ್‌ಗೆ ಹಚ್ಚುವ ದ್ರವ, ಸವರಿ. ತರಿ ತುಂಬಿಕೊಳ್ಳುವುದರಿಂದ ವ್ಯಾಕ್ಸ್ ತಾಗಿದರೂ ಸುಲಭವಾಗಿ ಒರೆಸಬಹುದು. ಆದರೆ ಡ್ರೆಸಿಂಗ್ ಮೇಲೆ ಟೇಪ್ ನಿಲ್ಲುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮಷಿನ್ ಹಿಡಿಯುವವರಿಗೆ ಟೇಪೇ ಸರಿ. ಮಷಿನ್ ಪ್ಯಾಡನ್ನು ಬಾಡಿಗೆ ಒತ್ತಿದ ಮೇಲೆಯೇ ಸ್ವಿಚ್ ಹಾಕಿ, ಇಲ್ಲದಿದ್ದರೆ ಪಾಲಿಶ್ ನಾಲ್ಕೂ ಕಡೆ ಸಿಡಿಯುತ್ತದೆ. ಕೈಯಲ್ಲಾದರೆ ಅಂಚಿನ ಹತ್ತಿರ ಪ್ಲಾಸ್ಟಿಕ್ ಗುಂಟ ಉದ್ದಕ್ಕೆ ಉಜ್ಜಿ, ಅದರ ಕಡೆಗೆ ತಳ್ಳಬೇಡಿ.

ಕಲೆ ಈಗಾಗಲೇ ಆಗಿದ್ದರೆ ಡೀಸೆಲ್ ಒರೆಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಎರಡು ದಿನ ಕಪ್ಪಗೆ ಕಾಣುವುದು ನಿಜ. ಆಮೇಲೆ ಧೂಳು ಹಿಡಿಯುತ್ತದೆ. ಕಿಟಕಿ, ಬಾಗಿಲ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಬಗೆಯ ಕೃತಕ ರಬ್ಬರು. ಡೀಸೆಲ್ ತಾಗಿದರೆ ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ. ಹೀಟ್ ಗನ್ ಕೂಡ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಮೆದು ಟೂತ್‌ಬ್ರಷ್ಷಿಗೆ ನೀರು ಬೆರೆಸಿದ ಆಲ್ ಪರ್ಪಸ್ ಕ್ಲೀನರ್ ಹಾಕಿ, ತರಿಯ ಒಳಗಿನದು ಏಳುವ ಹಾಗೆ ಸುತ್ತಿ ಸುತ್ತಿ ಉಜ್ಜಿ, ತಕ್ಷಣ ಒರೆಸಿ. ಚಿಕ್ಕ ವ್ಯಾಕ್ಸ್ ಕಲೆಯಾದರೆ ಮಕ್ಕಳ ಪೆನ್ಸಿಲ್ ಬಾಕ್ಸಿನ ಬಿಳಿ ರಬ್ಬರ್ ಸಾಕು, ನಿಜವಾಗಿಯೂ ಕೆಲಸ ಮಾಡುತ್ತದೆ.

ಪಾಲಿಶ್ ಮುಗಿದ ಕೂಡಲೇ ಟೇಪ್ ತೆಗೆಯಿರಿ, ರಾತ್ರಿಯಿಡೀ ಬಿಡಬೇಡಿ. ಹಿಂದಕ್ಕೆ ಮಡಚಿ, ನಿಧಾನವಾಗಿ ಎಳೆಯಿರಿ. ಅಂಚಿನಲ್ಲಿ ಪಾಲಿಶ್ ತಾಗದ ಸಣ್ಣ ಗೆರೆ ಕಾಣುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿ, ತುದಿಗೆ ಸಾಸಿವೆಯಷ್ಟು ಪಾಲಿಶ್ ಮುಟ್ಟಿಸಿ, ಆ ಗೆರೆಯನ್ನು ಕೈಯಲ್ಲೇ ಮುಗಿಸಿ.