ಮಳೆಗಾಲದ ಕಾರಿನೊಳಗೆ ಕೂತ ವಾಸನೆ

ಜೂನ್ ಎರಡನೇ ವಾರ ಅಕ್ಕ, ಭಾವ ಕುಂದಾಪುರದಿಂದ ಮುಲುಂಡ್‌ಗೆ ಕಾರಿನಲ್ಲೇ ಬಂದರು. ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಒಂದು ಪೊಟ್ಟಣ ಒಣ ಸಿಗಡಿ. ಹಿಂದಿನ ಸೀಟಿನಲ್ಲಿ ಮಕ್ಕಳು. ಕಶೇಡಿ ಘಾಟಿಯ ತಿರುವಿನಲ್ಲಿ ಚಿಕ್ಕವನ ಹಾಲಿನ ಬಾಟಲಿ ಮಗುಚಿತು. ಊರಿಂದ ಬರುವ ಮುಂಬೈ ಕನ್ನಡಿಗರ ಗಾಡಿ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಅಲ್ವಾ?

ಜುಲೈ ಬರುವಷ್ಟರಲ್ಲಿ ಕಾರಿನ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಭಾವ ಡ್ಯಾಶ್‌ಬೋರ್ಡ್ ಮೇಲೆ ಒಂದು ಪರ್ಫ್ಯೂಮ್ ಡಬ್ಬಿ ಇಟ್ಟರು. ವಾರದ ನಂತರ ಇನ್ನೊಂದು. "ಏನ್ ಮಾಡಿದ್ರೂ ಹೋಗ್ತಿಲ್ಲ ಮಾರಾಯ" ಅಂತ ಫೋನ್ ಮಾಡಿದರು. ಭಾನುವಾರ ನಾನು ಹೋದೆ.

ಪರ್ಫ್ಯೂಮ್ ವಾಸನೆಯನ್ನು ತೆಗೆಯುವುದಿಲ್ಲ. ಅದರ ಪಕ್ಕ ಇನ್ನೊಂದು ವಾಸನೆ ತಂದು ಕೂರಿಸುತ್ತದೆ, ಅಷ್ಟೆ. ನಮ್ಮ ಮೂಗು ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಅದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಓಡಿಸುವವರಿಗೆ ಎಲ್ಲಾ ಸರಿಹೋಯ್ತು ಅನಿಸುತ್ತದೆ. ಹೊಸದಾಗಿ ಹತ್ತಿದವರಿಗೆ ಎರಡೂ ವಾಸನೆ ಒಟ್ಟಿಗೆ ಹೊಡೆಯುತ್ತದೆ.

ವಾಸನೆ ಅಂದರೆ ಗಾಳಿಗೆ ಹಾರಿ ಮೂಗಿಗೆ ಬರುವ ಅಣುಗಳು. ಅವು ಯಾವುವು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಹಲಸಿನದು ಸುಲಭ. ಅದರ ಘಮ ಎಸ್ಟರ್ ಎಂಬ ಗುಂಪಿನ ಅಣುಗಳದ್ದು. ಬೇಗ ಆವಿಯಾಗುತ್ತವೆ. ಕಿಟಕಿ ಇಳಿಸಿ ಒಂದೆರಡು ದಿನ ಓಡಾಡಿದರೆ ತಾನಾಗಿ ಹೋಗುತ್ತವೆ.

ಒಣಮೀನು, ಸಿಗಡಿಯ ವಾಸನೆ ಹಾಗಲ್ಲ. ಸಮುದ್ರದ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಟ್ರೈಮೀಥೈಲ್ ಅಮೀನ್ ಎಂಬ ವಸ್ತು ತಯಾರಿಸುತ್ತವೆ. ಅದು ಕ್ಷಾರ. ಕ್ಷಾರಕ್ಕೆ ಹುಳಿ ತಾಗಿದರೆ ಲವಣವಾಗುತ್ತದೆ. ಲವಣ ಗಾಳಿಗೆ ಹಾರುವುದಿಲ್ಲ, ಮೂಗಿಗೂ ಬರುವುದಿಲ್ಲ. ನಮ್ಮ ಕಡೆ ಮೀನಿಗೆ ಹುಣಸೆ ಹುಳಿ ಹಚ್ಚಿ ತೊಳೆಯುತ್ತಾರಲ್ಲ, ಅದೇ ರಸಾಯನ ವಿಜ್ಞಾನ. ಡಿಕ್ಕಿಯ ಕಾರ್ಪೆಟ್‌ಗೆ ಹುಣಸೆ ಹಚ್ಚಲು ಆಗದು, ಕಲೆ ಉಳಿಯುತ್ತದೆ. ಅದಕ್ಕೆ ವಿನೆಗರ್ ಇದೆ. ಅದರಲ್ಲಿ ಶೇ 4-5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿದೆವು. ವಿನೆಗರಿನ ಘಾಟು ಮರುದಿನಕ್ಕೆ ಹೋಯಿತು.

ಹಾಲಿನದು ಪೂರ್ತಿ ಉಲ್ಟಾ. ಹಾಲಿನ ಕೊಬ್ಬು ಒಡೆದಾಗ ಬ್ಯುಟೈರಿಕ್ ಆಮ್ಲ ಹುಟ್ಟುತ್ತದೆ. ವಾಂತಿಯ ವಾಸನೆಯಲ್ಲೂ ಅದೇ ಇರುತ್ತದೆ. ಇದಕ್ಕೆ ವಿನೆಗರ್ ಹಾಕಿದರೆ ಪ್ರಯೋಜನ ಇಲ್ಲ, ಹುಳಿಗೆ ಹುಳಿ ಸೇರಿಸಿದ ಹಾಗೆ. ಇಲ್ಲಿ ಬೇಕಾದದ್ದು ಕ್ಷಾರ, ಅಂದರೆ ಅಡುಗೆ ಸೋಡಾ. ಮೊದಲು ತಣ್ಣೀರಲ್ಲಿ ಒದ್ದೆ ಮಾಡಿದ ಬಟ್ಟೆ ಒತ್ತಿ ಹಾಲಿನ ಅಂಶ ತೆಗೆಯಬೇಕು. ಬಿಸಿನೀರು ಬೇಡ. ಬಿಸಿಗೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ನೂಲಿಗೇ ಅಂಟಿಕೊಳ್ಳುತ್ತದೆ. ಆಮೇಲೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿದರೆ ಸಾಕು.

ಎಷ್ಟೋ ಜನ ವಿನೆಗರ್, ಸೋಡಾ ಎರಡನ್ನೂ ಒಟ್ಟಿಗೆ ಸುರಿಯುತ್ತಾರೆ. ಬುರುಬುರು ನೊರೆ ಬಂದರೆ ಚೆನ್ನಾಗಿ ಕ್ಲೀನ್ ಆಗ್ತಿದೆ ಅನಿಸುತ್ತದೆ. ಅದು ಬರೀ ಕಾರ್ಬನ್ ಡೈಆಕ್ಸೈಡ್. ಹುಳಿ, ಕ್ಷಾರ ಒಂದನ್ನೊಂದು ತಿಂದುಕೊಂಡು ನೀರು ಮತ್ತು ಒಂದು ಲವಣ ಉಳಿಯುತ್ತದೆ. ಎರಡೂ ವೇಸ್ಟ್.

ಮೀನು ಹೋಯಿತು, ಹಾಲು ಹೋಯಿತು. ಆದರೂ ಏನೋ ಉಳಿದಿತ್ತು. ಹಳೇ ಮನೆಯ ಅಟ್ಟ ಹತ್ತಿದಾಗ ಬರುತ್ತದಲ್ಲ, ಮಣ್ಣು, ಅಣಬೆ ಸೇರಿದ ಆ ವಾಸನೆ. ಮಣ್ಣಿನ ವಾಸನೆಗೆ ಕಾರಣ ಜಿಯೋಸ್ಮಿನ್. ಲಕ್ಷ ಕೋಟಿ ಭಾಗ ನೀರಿನಲ್ಲಿ ಅದು 10 ಭಾಗ ಇದ್ದರೂ ಮನುಷ್ಯರ ಮೂಗು ಹಿಡಿಯುತ್ತದೆ. ಮೊದಲ ಮಳೆಗೆ ನೆಲದಿಂದ ಬಂದಾಗ ನಾವು ನಿಂತು ಉಸಿರೆಳೆದುಕೊಳ್ಳುತ್ತೇವೆ. ಕಾರಿನೊಳಗೆ ಬಂದರೆ ಎಲ್ಲೋ ಬೂಸ್ಟು ಅಥವಾ ಬ್ಯಾಕ್ಟೀರಿಯಾ ಬೆಳೆಯುತ್ತಿದೆ ಅಂತ ಅರ್ಥ. ಸ್ಟೀರಿಂಗ್ ಕೆಳಗೆ, ಸೀಟಿನ ಹೊಲಿಗೆಯಲ್ಲಿ ಬೂದಿ ಬಳಿದಂತೆ ಬಿಳಿ ಬೂಸ್ಟು ಕಂಡೂ ಬಂತು.

ಬೂಸ್ಟಿಗೆ ಊಟ ಹುಡುಕುವ ಕಷ್ಟವಿಲ್ಲ. ನಮ್ಮ ಬೆವರು, ತಲೆಗೆ ಹಚ್ಚಿದ ಎಣ್ಣೆ, ಚರ್ಮದ ಹೊಟ್ಟು, ಮಕ್ಕಳು ಬೀಳಿಸಿದ ಬಿಸ್ಕತ್ತಿನ ಪುಡಿ ಸಾಕು. ಅದಕ್ಕೆ ಬೇಕಾಗಿರುವುದು ತೇವ. ಗಾಳಿಯ ತೇವಾಂಶ ಸುಮಾರು ಶೇ 70 ದಾಟಿ ಹಾಗೇ ನಿಂತರೆ ಅದು ಬೆಳೆಯತೊಡಗುತ್ತದೆ. ಜುಲೈ ತಿಂಗಳ ಮುಂಬೈಯಲ್ಲಿ ಶೇ 85 ಸಾಮಾನ್ಯ. ಮೇಲಾಗಿ ಬಿಲ್ಡಿಂಗ್ ಅಡಿಯ ಪಾರ್ಕಿಂಗ್, ಬಿಸಿಲೇ ಇಲ್ಲ. ಬೂಸ್ಟಿನ ಬೀಜಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಸಣ್ಣವು. ಸುಮ್ನೆ ವ್ಯಾಕ್ಯೂಮ್ ಹಾಕಿದರೆ ಸಾಧಾರಣ ಫಿಲ್ಟರ್ ದಾಟಿ ಕಾರಿನ ತುಂಬ ಹಾರುತ್ತವೆ. ಅಕ್ಕನ ದೊಡ್ಡ ಮಗಳಿಗೆ ಉಬ್ಬಸ ಇದೆ, ನನಗೆ ಅದೇ ಹೆದರಿಕೆ. ಮಕ್ಕಳನ್ನು ದೂರ ಕಳಿಸಿ, ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆದುಬಿಟ್ಟೆವು. ಸೀಟ್ ಬೆಲ್ಟ್ ಪೂರ್ತಿ ಎಳೆದು, ಒಳಗೆ ಹೋಗದ ಹಾಗೆ ಕ್ಲಿಪ್ ಹಾಕಿ, ತೆಳು ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೇ ಬಿಟ್ಟೆವು. ಬೆಲ್ಟಿಗೆ ಬ್ಲೀಚ್ ತಾಗಿಸಬೇಡಿ. ನೂಲಿನ ಬಲ ಕುಗ್ಗುತ್ತದೆ. ಅಪಘಾತದ ಹೊತ್ತಿಗೆ ಜೀವ ಹಿಡಿಯುವುದು ಅದೇ ನೂಲು.

ಕಾಲಡಿ ಮ್ಯಾಟ್ ಎತ್ತಿದರೆ ಒದ್ದೆ ಮರಾಠಿ ಪೇಪರುಗಳು ಸಿಕ್ಕವು. ಮಳೆನೀರು ಹೀರಲಿ ಅಂತ ಭಾವ ಹಾಸಿದ್ದರು. ಪೇಪರ್ ನೀರು ಹೀರುತ್ತದೆ ನಿಜ. ಆದರೆ ಅದು ಸೆಲ್ಯುಲೋಸ್, ಬೂಸ್ಟಿಗೆ ಆಹಾರ. ದಿನಾ ಬದಲಿಸಿದರೆ ಒಳ್ಳೆಯದು, ವಾರಗಟ್ಟಲೆ ಬಿಟ್ಟರೆ ನಾವೇ ಕೃಷಿ ಮಾಡಿದ ಹಾಗೆ.

ಮುಂದಿನ ಎಡಗಡೆ ಸೀಟಿನ ಕೆಳಗೆ ಮಾತ್ರ ಜಾಸ್ತಿ ಒದ್ದೆ. ಕಾರ್ಪೆಟ್ ಮೇಲೆ ಒಣಗಿದಂತಿತ್ತು, ಒತ್ತಿದರೆ ಅಡಿಯ ಫೋಮಿನಿಂದ ನೀರು ಜಿನುಗಿತು. ಬಣ್ಣವಿಲ್ಲ, ವಾಸನೆ ಬೂಸ್ಟಿನದು ಮಾತ್ರ. ಇದು ಹಾಲಲ್ಲ, ರಸ್ತೆಯ ಕೊಳಕು ನೀರೂ ಅಲ್ಲ. ಎ.ಸಿ.ಯ ನೀರು.

30 ಡಿಗ್ರಿಯ, ಶೇ 85 ತೇವ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 26 ಗ್ರಾಂ ನೀರಾವಿ ಇರುತ್ತದೆ. ಎ.ಸಿ. ಅದನ್ನು 10 ಡಿಗ್ರಿಗೆ ಇಳಿಸಿದರೆ ಗಾಳಿ ಹಿಡಿದುಕೊಳ್ಳಲು ಆಗುವುದು 9 ಗ್ರಾಂ ಮಾತ್ರ. ಉಳಿದ 17 ಗ್ರಾಂ ಎ.ಸಿ.ಯೊಳಗಿನ ತಣ್ಣನೆಯ ಕೊಳವೆಗಳ (ಕಾಯಿಲ್) ಮೇಲೆ ನೀರಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುವ ಹಾಗೆ. ಅದು ಒಂದು ಸಣ್ಣ ಪೈಪಿನಲ್ಲಿ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ಪೈಪ್ ಕಟ್ಟಿಕೊಂಡರೆ ಒಳಗೇ ಸೋರುತ್ತದೆ. ಮೆಕ್ಯಾನಿಕ್ ಬಂದು ಕೆಳಗಿನಿಂದ ಗಾಳಿ ಊದಿದ. ಕೊಳೆತ ಎಲೆಯ ಚೂರು, ಕಪ್ಪು ಧೂಳಿನ ಮುದ್ದೆ, ಹಿಂದೆಯೇ ಒಂದು ಮಗ್ಗಿನಷ್ಟು ನೀರು ಸುರಿಯಿತು.

ಈಗ ಫೋಮ್ ಒಣಗಿಸಬೇಕಲ್ಲ. ಹೊರಗೆ ಜಡಿಮಳೆ, ಕಿಟಕಿ ತೆಗೆದರೆ ಇನ್ನಷ್ಟು ತೇವ ಒಳಗೆ ಬರುತ್ತದೆ. ಒಣಗಿಸಲು ಅದೇ ಎ.ಸಿ. ಸಹಾಯ ಮಾಡಿತು. ಹೊರಗಿನ ಗಾಳಿ ಬಂದ್ ಮಾಡಿ, ಎ.ಸಿ. ಹಾಕಿ, ಜೊತೆಗೆ ಉಷ್ಣತೆಯ ಗುಬುಟನ್ನು ಬಿಸಿ ಕಡೆಗೆ ತಿರುಗಿಸಿದೆವು. ಭಾವನಿಗೆ ಇದು ವಿಚಿತ್ರ ಅನಿಸಿತು. ಆದರೆ ನೀರು ಕಳೆದುಕೊಂಡ ಆ 9 ಗ್ರಾಮಿನ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ 25ರ ಆಸುಪಾಸಿಗೆ ಇಳಿಯುತ್ತದೆ. ಬಾಯಾರಿದ ಗಾಳಿ ಅದು, ಕಂಡಲ್ಲಿ ನೀರು ಕುಡಿಯುತ್ತದೆ. ಕಾರ್ಪೆಟ್ ಅಂಚು ಎತ್ತಿ, ಅಡಿಗೆ ಟವೆಲ್ ತುರುಕಿ, ಭಾವ ದಿನಾ ಆಫೀಸಿಗೆ ಹೋಗಿ ಬರುವಾಗ ಹೀಗೇ ಓಡಿಸಿದರು. ಮನೆ ಹತ್ತಿರ ಬರುತ್ತಿದ್ದಂತೆ, ಮಳೆ ಇಲ್ಲದಿದ್ದರೆ, ಎ.ಸಿ. ಮಾತ್ರ ಆಫ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ, ಐದು ನಿಮಿಷ ಫ್ಯಾನ್ ಬಿಡುತ್ತಿದ್ದರು. ಕಾಯಿಲ್ ಒದ್ದೆಯಾಗಿಯೇ ರಾತ್ರಿ ಕಳೆದರೆ ಅದರ ಮೇಲೂ ಬ್ಯಾಕ್ಟೀರಿಯಾ ಪೊರೆ ಕಟ್ಟುತ್ತದೆ. ಎ.ಸಿ. ಹಾಕಿದ ಮೊದಲ ಕ್ಷಣ ಬರುವ ಹುಳಿ ವಾಸನೆ ಅಲ್ಲಿಂದಲೇ.

ಒಂಬತ್ತನೇ ದಿನ ಟವೆಲ್ ಒಣಗಿಯೇ ಹೊರಬಂತು. ಈಗ ಭಾವ ಗಾಡಿ ನಿಲ್ಲಿಸಿದ ಮೇಲೆ ಒಮ್ಮೆ ಬಗ್ಗಿ, ಕೆಳಗೆ ನೀರು ತೊಟ್ಟಿಕ್ಕುತ್ತಿದೆಯಾ ಅಂತ ನೋಡಿಯೇ ಲಿಫ್ಟ್ ಕಡೆ ಹೋಗುತ್ತಾರೆ.