ಮುಟ್ಟು ಇನ್ನೂ ನಿಂತಿಲ್ಲ, ಮನಸ್ಸು ಯಾಕೆ ಹೀಗಾಗಿದೆ?

ಪ್ರಶ್ನೆ: ನನಗೆ 45 ವರ್ಷ. ಮುಟ್ಟು ಒಮ್ಮೆ 20 ದಿನಕ್ಕೆ ಆದರೆ, ಇನ್ನೊಮ್ಮೆ 40 ದಿನಕ್ಕೆ. ಸಣ್ಣ ಮಾತಿಗೂ ಸಿಟ್ಟು, ಕಾರಣವಿಲ್ಲದೆ ಅಳು. ಗೊತ್ತಿರುವವರ ಹೆಸರೇ ನೆನಪಾಗುವುದಿಲ್ಲ. ‘ಎಲ್ಲರಿಗೂ ಆಗೋದೇ, ಸುಮ್ನಿರು’ ಅನ್ನುತ್ತಾರೆ ಮನೆಯವರು. ನನಗೆ ಮಾನಸಿಕ ಕಾಯಿಲೆಯೇ?

ಉತ್ತರ: ನೀವು ಬರೆದದ್ದರಲ್ಲಿ ನನ್ನ ಗಮನ ಮೊದಲು ಹೋದದ್ದು ತಾರೀಕುಗಳ ಏರುಪೇರಿನ ಮೇಲೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಮೆನೋಪಾಸ್. ದೇಹ ಅತ್ತ ಹೊರಳುವುದು ಎಷ್ಟೋ ವರ್ಷ ಮುಂಚೆಯೇ. ಆ ಅವಧಿಯೇ ಪೆರಿಮೆನೋಪಾಸ್. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಹಾಗಾಗಿ ನಿಮಗೀಗ ಇದು ಶುರುವಾಗಿದ್ದರೆ ಅಚ್ಚರಿಯಿಲ್ಲ.

ಈ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ. ಒಂದು ತಿಂಗಳು ವಿಪರೀತ ಏರಿ, ಮರುತಿಂಗಳು ಕುಸಿಯುತ್ತದೆ. ಮನಸ್ಸಿನ ಹದ ಕಾಯುವ ಸಿರೊಟೋನಿನ್ ಕೂಡ ಅದರ ಜೊತೆ ಅಲ್ಲಾಡುತ್ತದೆ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನ್ ತಗ್ಗುತ್ತದೆ. ಮಿದುಳನ್ನು ಶಾಂತವಾಗಿಡುವ ಒಂದು ರಾಸಾಯನಿಕ ತಯಾರಾಗುವುದು ಅದರಿಂದಲೇ. ಸಾಲದ್ದಕ್ಕೆ ನಿದ್ದೆಗೇಡು. ನಡುರಾತ್ರಿ ಕುತ್ತಿಗೆ, ಬೆನ್ನು ಬೆವತು ಎಚ್ಚರವಾಗುತ್ತದೆ. ಹೊದಿಕೆ ಒದ್ದು ಫ್ಯಾನ್ ಜೋರು ಮಾಡಿದರೆ ಸ್ವಲ್ಪ ಹೊತ್ತಿಗೆ ಚಳಿ. ವಾರಗಟ್ಟಲೆ ಹೀಗೆ ನಿದ್ದೆಗೆಟ್ಟವರಿಗೆ ಬೆಳಿಗ್ಗೆ ಟಿಫಿನ್ ಡಬ್ಬಿಯ ಮುಚ್ಚಳ ಸಿಗದಿದ್ದರೂ ಕಣ್ಣೀರು ಬರುತ್ತದೆ. ಹೆಸರು ನಾಲಿಗೆ ತುದಿಯಲ್ಲೇ ನಿಲ್ಲುವುದೂ ಈ ಹಂತದಲ್ಲಿ ಸಾಮಾನ್ಯ.

ಹಾಗೆಂದು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯಲ್ಲೂ ಇವೇ ಲಕ್ಷಣಗಳಿರುತ್ತವೆ. ರಕ್ತ ಪರೀಕ್ಷೆ ಮಾಡಿಸಿ. ಮುಟ್ಟಾದ ದಿನ, ನಿದ್ದೆಗೆಟ್ಟ ರಾತ್ರಿ, ತೀರಾ ಬೇಸರವಾದ ದಿನ ಇಷ್ಟನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹಿಂದೆ ಯಾವಾಗಲಾದರೂ, ಅದರಲ್ಲೂ ಬಾಣಂತನದಲ್ಲಿ, ಖಿನ್ನತೆ ಬಂದಿದ್ದರೆ ತಪ್ಪದೆ ಹೇಳಿ. ಅಂಥವರಿಗೆ ಈಗ ಅದು ಮರಳುವ ಸಾಧ್ಯತೆ ಹೆಚ್ಚು. ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ, ಖಿನ್ನತೆಗೆ ಕೊಡುವ ಮಾತ್ರೆ, ಹೀಗೆ ದಾರಿಗಳು ಹಲವು. ನಿಮಗೆ ಯಾವುದು ಸರಿ ಎಂಬುದನ್ನು ನಿಮ್ಮ ಆರೋಗ್ಯದ ಹಿನ್ನೆಲೆ ನೋಡಿ ವೈದ್ಯರು ಹೇಳುತ್ತಾರೆ. ಅದನ್ನು ಕೇಳಲು ಯಾವ ಸಂಕೋಚವೂ ಬೇಡ, ಸಹಿಸಿಕೊಂಡೇ ಇರಬೇಕೆಂಬ ನಿಯಮವೇನೂ ಇಲ್ಲ.

ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿ ಮೂಡದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಮನೆಯವರೊಬ್ಬರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.