ದಡಾರ ವಾಸಿಯಾದ ಮೇಲೆ ಮಗು ಯಾಕೆ ಪದೇ ಪದೇ ಕಾಯಿಲೆ ಬೀಳುತ್ತದೆ?

ದಡಾರ ಬಂದು ಹೋದ ಮಗುವನ್ನು ಒಂದೆರಡು ತಿಂಗಳ ನಂತರ ಮತ್ತೆ ಕರೆತರುವ ತಾಯಂದಿರ ಮಾತು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಅಮ್ಮ ಇಳಿದು ಬೇವಿನ ಸೊಪ್ಪಿನ ನೀರು ಹಾಕಿದ್ದೂ ಆಯ್ತು ಡಾಕ್ಟ್ರೇ. ಆವತ್ತಿಂದ ಒಂದಲ್ಲ ಒಂದು. ಕೆಮ್ಮು ಹೋದ್ರೆ ಭೇದಿ, ಭೇದಿ ನಿಂತ್ರೆ ಕಿವಿ ಸೋರುತ್ತೆ." ದಡಾರದ ನಂಜು ಇನ್ನೂ ಒಳಗೇ ಉಳಿದಿದೆ ಎಂದು ಜೊತೆಗೆ ಬಂದ ಅಜ್ಜಿ ಹೇಳುತ್ತಾರೆ. ಅಜ್ಜಿ ಗಮನಿಸಿದ್ದು ಪೂರ್ತಿ ಸರಿ. ದಡಾರ ನಿಜಕ್ಕೂ ಮಗುವಿನಿಂದ ಏನನ್ನೋ ಕಸಿದುಕೊಂಡು ಹೋಗಿರುತ್ತದೆ. ಅದೇನು ಅಂತ ಅರ್ಥವಾಗಬೇಕಾದರೆ ನಮ್ಮ ಮೈ ರೋಗದ ಜೊತೆ ಹೇಗೆ ಹೋರಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಯಾವುದೇ ವೈರಸ್ ಬಂದರೂ ಮೊದಲು ಎದುರಾಗುವುದು ಚರ್ಮ, ಮೂಗಿನ ಸಿಂಬಳ, ಗಂಟಲಿನ ಲೋಳೆ. ಅದನ್ನು ದಾಟಿದರೆ, ಸೋಂಕು ತಗಲಿದ ಜೀವಕೋಶಗಳೇ ಇಂಟರ್‌ಫೆರಾನ್ ಎಂಬ ವಸ್ತುವನ್ನು ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಹೊರಗಿನದನ್ನು ನುಂಗುವ ಕೋಶಗಳು ಓಡಿ ಬರುತ್ತವೆ. ಈ ಮೊದಲ ಪಡೆಗೆ ಬಂದಿರುವುದು ಯಾವ ವೈರಸ್ ಅಂತ ನಿಖರವಾಗಿ ಗೊತ್ತಿರುವುದಿಲ್ಲ. ಗುರುತು ಹಿಡಿದು ಹೊಡೆಯುವ ಕೆಲಸ ಟಿ ಮತ್ತು ಬಿ ಕೋಶಗಳೆಂಬ ಬಿಳಿ ರಕ್ತಕಣಗಳದ್ದು. ಅವು ತಯಾರಾಗಲು ಕೆಲವು ದಿನ ಬೇಕು. ಟಿ ಕೋಶಗಳು ಸೋಂಕು ತಗಲಿದ ಕೋಶಗಳನ್ನು ಕೊಲ್ಲುತ್ತವೆ. ಬಿ ಕೋಶಗಳು ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಹೋರಾಟ ಮುಗಿದ ಮೇಲೆ ಬಹುತೇಕ ಕೋಶಗಳು ಸಾಯುತ್ತವೆ, ಕೆಲವು ಉಳಿದುಕೊಳ್ಳುತ್ತವೆ. ಇವೇ ನೆನಪಿನ ಕೋಶಗಳು. ಮುಂದಿನ ಸಲ ಅದೇ ರೋಗ ಬಂದರೆ ಅಷ್ಟು ದಿನ ಕಾಯಬೇಕಾಗಿಲ್ಲ.

ಈ ನೆನಪು ಎಷ್ಟು ಗಟ್ಟಿ? 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿತು. ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಕಾಯಿಲೆ ಬಿದ್ದರು. ಅಲ್ಲಿಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಒಂದು ವಿಷಯ ಗಮನಿಸಿದರು. ಆ ದ್ವೀಪಗಳಿಗೆ ಹಿಂದೆ ದಡಾರ ಬಂದಿದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ದಡಾರ ಅನುಭವಿಸಿದ್ದ ಮುದುಕರಿಗೆ ಈ ಸಲ ಅದು ಬರಲೇ ಇಲ್ಲ. ನಡುವಿನ 65 ವರ್ಷ ದ್ವೀಪದಲ್ಲಿ ದಡಾರವೇ ಇರಲಿಲ್ಲ. ಆದರೂ ಮೈ ಮರೆತಿರಲಿಲ್ಲ. ನನಗೆ ಇದು ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ.

ದಡಾರದ ವೈರಸ್ ನೇರವಾಗಿ ಕೈ ಹಾಕುವುದು ಈ ನೆನಪಿನ ವ್ಯವಸ್ಥೆಗೇ. ಉಸಿರಿನ ಜೊತೆ ಒಳಗೆ ಬಂದ ವೈರಸ್ಸನ್ನು ಶ್ವಾಸಕೋಶದ ಕಾವಲು ಕೋಶಗಳು ಹಿಡಿಯುತ್ತವೆ. ಆದರೆ ಆ ಕೋಶಗಳ ಮೈಮೇಲಿರುವ ಒಂದು ಪ್ರೋಟೀನೇ ವೈರಸ್‌ಗೆ ಬಾಗಿಲು. ಅದನ್ನು ಹಿಡಿದು ಒಳಹೊಕ್ಕು, ಅದೇ ಕೋಶಗಳ ಮೇಲೆ ಸವಾರಿ ಮಾಡಿ ದುಗ್ಧ ಗ್ರಂಥಿಗಳಿಗೆ ಹೋಗುತ್ತದೆ. ಟಿ, ಬಿ ಕೋಶಗಳು ಗುಂಪುಗುಂಪಾಗಿ ಇರುವ ಜಾಗ ಅದು. ನೆನಪಿನ ಕೋಶಗಳಲ್ಲಿ ಆ ಬಾಗಿಲು ಇನ್ನೂ ಜಾಸ್ತಿ. ಜೊತೆಗೆ ಇಂಟರ್‌ಫೆರಾನ್ ಎಚ್ಚರಿಕೆಯನ್ನೂ ವೈರಸ್ ಅದುಮಿಡುತ್ತದೆ. ಹಾಗಾಗಿ ಹತ್ತು ದಿನದವರೆಗೆ ಮಗು ಆರಾಮಾಗಿ ಆಡಿಕೊಂಡೇ ಇರುತ್ತದೆ. ಆಮೇಲೆ ಜ್ವರ, ಕೆಮ್ಮು, ಕೆಂಪು ಕಣ್ಣು. ಸುಮಾರು 14ನೇ ದಿನ ಕಿವಿಯ ಹಿಂದಿನಿಂದ ದದ್ದು ಶುರು.

ದದ್ದು ಕಂಡಾಗ ಮನೆಯವರು ಗಾಬರಿಯಾಗುತ್ತಾರೆ. ಆದರೆ ಅದು ಟಿ ಕೋಶಗಳು ಎದ್ದು ಬಂದ ಗುರುತು. ಚರ್ಮದಲ್ಲಿ ಸೋಂಕು ತಗಲಿದ ಕೋಶಗಳನ್ನು ಅವು ಸಾಫು ಮಾಡುತ್ತಿರುತ್ತವೆ. ಟಿ ಕೋಶಗಳ ಕೊರತೆ ಇರುವ ಮಕ್ಕಳಿಗೆ ಕೆಲವೊಮ್ಮೆ ದದ್ದೇ ಏಳುವುದಿಲ್ಲ. ಅಂಥ ಮಕ್ಕಳಿಗೇ ನ್ಯುಮೋನಿಯಾ ಆಗಿ ಸಾಯುವ ಅಪಾಯ ಹೆಚ್ಚು. ಆದರೆ ಹುಟ್ಟಿನಿಂದ ಪ್ರತಿಕಾಯವೇ ತಯಾರಾಗದ ಮಕ್ಕಳು ದಡಾರದಿಂದ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಈ ಯುದ್ಧದಲ್ಲಿ ಮುಂದೆ ನಿಲ್ಲುವುದು ಟಿ ಕೋಶಗಳೇ ಎಂದು ನಮಗೆ ಗೊತ್ತಾಗಿದ್ದು ಹೀಗೆ.

ಯುದ್ಧ ಗೆಲ್ಲುತ್ತೇವೆ. ಆದರೆ ಸತ್ತಿರುವುದು ನಮ್ಮದೇ ನೆನಪಿನ ಕೋಶಗಳು. ರಕ್ತ ಪರೀಕ್ಷೆ ಮಾಡಿದರೆ ಕೆಲವೇ ವಾರದಲ್ಲಿ ಬಿಳಿ ರಕ್ತಕಣಗಳ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಹೊಸದಾಗಿ ತುಂಬಿಕೊಂಡವುಗಳಲ್ಲಿ ಬಹಳಷ್ಟು ದಡಾರವನ್ನು ಮಾತ್ರ ಬಲ್ಲವು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಳೇ ಹಾಳೆಗಳು ಹರಿದುಹೋಗಿ, ಕೊನೆಗೆ ಬಂದ ಒಬ್ಬನ ಲೆಕ್ಕವೇ ಹಾಳೆ ಹಾಳೆಯಲ್ಲೂ ಬರೆದಂತೆ. ದಡಾರ ಮತ್ತೆ ಬರುವುದಿಲ್ಲ. ಆದರೆ ಹಿಂದೆ ಬಂದು ಹೋದ ನೆಗಡಿ, ಭೇದಿ, ನ್ಯುಮೋನಿಯಾದ ಕ್ರಿಮಿಗಳು ಮಗುವಿಗೆ ಮತ್ತೆ ಅಪರಿಚಿತ.

ಇದರ ಸುಳಿವು ಸಿಕ್ಕಿದ್ದು ಬಹಳ ಹಿಂದೆ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲೇ ಇದನ್ನು ಬರೆದಿದ್ದರು. ಕ್ಷಯದ ಕ್ರಿಮಿ ಮೈಗೆ ನೆನಪಿದೆಯೇ ಎಂದು ನೋಡುವ ಚರ್ಮ ಪರೀಕ್ಷೆಯಲ್ಲಿ ಪಾಸಿಟಿವ್ ಇದ್ದ ಮಕ್ಕಳಿಗೆ ದಡಾರ ಬಂದಾಗ ಅದೇ ಪರೀಕ್ಷೆ ನೆಗೆಟಿವ್ ಆಗುತ್ತಿತ್ತು. 2019ರಲ್ಲಿ ಇನ್ನೂ ಸ್ಪಷ್ಟವಾಯಿತು. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಹೋಲಿಸಿ ನೋಡಿದರು. ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ 11ರಿಂದ 73 ಶೇಕಡಾದಷ್ಟು ಮಾಯವಾಗಿದ್ದವು. ಲಸಿಕೆ ಪಡೆದ ಮಕ್ಕಳಲ್ಲಿ ಈ ನಷ್ಟ ಕಾಣಲಿಲ್ಲ. ಅದಕ್ಕೂ ಮೊದಲು, 2015ರಲ್ಲಿ, ಇಂಗ್ಲೆಂಡ್, ಅಮೆರಿಕ, ಡೆನ್ಮಾರ್ಕ್‌ಗಳ ಹಳೆಯ ದಾಖಲೆ ನೋಡಿದವರಿಗೆ ದಡಾರದ ನಂತರ ಎರಡು ಮೂರು ವರ್ಷ ಬೇರೆ ಸೋಂಕುಗಳಿಂದ ಮಕ್ಕಳ ಸಾವು ಏರುವುದು ಕಂಡಿತ್ತು.

ಹಾಗಾಗಿ "ದಡಾರ ಒಂದ್ಸಲ ಬಂದು ಹೋದ್ರೆ ಮಗು ಗಟ್ಟಿಯಾಗುತ್ತೆ" ಎಂಬ ಮಾತನ್ನು ನಾನು ಯಾವತ್ತೂ ಸುಮ್ನೆ ಕೇಳಿಕೊಂಡು ಕೂರುವುದಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ಸುಳ್ಳುಗಳಿಗೆ ಹೆದರಿ ಹಿಂದೆ ಸರಿದ ಮನೆಗಳಿದ್ದವು. ಅವರ ಭಯ ನನಗೆ ಅರ್ಥವಾಗುತ್ತದೆ. ಸೂಜಿ ಕಣ್ಣಿಗೆ ಕಾಣುತ್ತದೆ, ಅಳಿಸಿಹೋದ ನೆನಪು ಕಾಣುವುದಿಲ್ಲ ಅಲ್ವಾ?

ತಾಯಿ ಕಾರ್ಡ್ ಹಿಡಿದು ಬಂದವರು ಕೇಳುವ ಇನ್ನೊಂದು ಪ್ರಶ್ನೆ: ಒಂಬತ್ತು ತಿಂಗಳು ತುಂಬುವವರೆಗೆ ಯಾಕೆ ಕಾಯಬೇಕು? ಹೊಟ್ಟೆಯಲ್ಲಿದ್ದಾಗಲೇ ತಾಯಿಯ ಪ್ರತಿಕಾಯಗಳು ಮಗುವಿಗೆ ಬಂದಿರುತ್ತವೆ. ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಬೇಗ ಹಾಕಿದರೆ ತಾಯಿಯ ಪ್ರತಿಕಾಯಗಳೇ ಅದನ್ನು ಮುಗಿಸಿಬಿಡುತ್ತವೆ, ಮಗು ಏನೂ ಕಲಿಯುವುದಿಲ್ಲ. ತಡ ಮಾಡಿದರೆ ಆ ಕಾವಲು ಕರಗಿ ಮಗು ಬಯಲಿಗೆ ಬೀಳುತ್ತದೆ. ಒಂಬತ್ತು ತಿಂಗಳಲ್ಲಿ ಹಾಕಿದಾಗ ಸುಮಾರು 85 ಶೇಕಡಾ ಮಕ್ಕಳಲ್ಲಿ ರಕ್ಷಣೆ ಬರುತ್ತದೆ. ಉಳಿದವರನ್ನು ಹಿಡಿಯುವುದಕ್ಕೇ 16ರಿಂದ 24 ತಿಂಗಳೊಳಗಿನ ಎರಡನೇ ಡೋಸು. ಮೊದಲನೆಯದು ಹಾಕಿಸಿ ಎರಡನೆಯದನ್ನು ಮರೆತವರು ತುಂಬಾ ಜನ. ಐದು ವರ್ಷ ತುಂಬುವವರೆಗೂ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ದಡಾರ ಬಂದೇಬಿಟ್ಟಿದ್ದರೆ ಮೊದಲು ವಿಟಮಿನ್ ಎ ಕೊಡಿಸಿ. ಒಂದು ವರ್ಷ ದಾಟಿದ ಮಗುವಿಗೆ ಎರಡು ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳ ಮಗುವಿಗೆ ಒಂದು ಲಕ್ಷ. ಇವತ್ತೊಂದು, ನಾಳೆ ಒಂದು, ಡಾಕ್ಟರ ಕೈಯಲ್ಲೇ. ಕಣ್ಣು ಉಳಿಸುತ್ತದೆ, ಎಷ್ಟೋ ಸಲ ಜೀವವನ್ನೂ. ಪಥ್ಯ ಅಂತ ಹಾಲು, ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ದದ್ದು ಮಾಯವಾದ ಮೇಲೂ ತಿಂಗಳುಗಟ್ಟಲೆ ಮಗುವಿನ ಕೆಮ್ಮು, ಭೇದಿಯನ್ನು ಹಗುರವಾಗಿ ನೋಡಬೇಡಿ. ಉಸಿರು ಜೋರಾದರೆ, ಪಕ್ಕೆ ಒಳಗೆ ಸೆಳೆದರೆ, ಕುಡಿಯುವುದನ್ನು ಬಿಟ್ಟರೆ ಅವತ್ತೇ ಆಸ್ಪತ್ರೆಗೆ ಕರೆತನ್ನಿ, ಮತ್ತು ದಡಾರ ಬಂದಿತ್ತು ಎಂಬುದನ್ನು ನೋಡುವ ಡಾಕ್ಟರಿಗೆ ಮರೆಯದೆ ಹೇಳಿ.